ಅಮೆರಿಕದ ಗುಲಾಮರ ಆತ್ಮಚರಿತ್ರೆಗಳು

೧. ಪೀಠಿಕೆ

ಕನ್ನಡ ಸಾಹಿತ್ಯದ ಅಭ್ಯಾಸಿಗಳಿಗೆ ‘ದಾಸ’ ಶಬ್ದವು ಚಿರಪರಿಚಿತವಾದುದು. ಪುರಂದರದಾಸರು, ಕನಕದಾಸರು ಮೊದಲಾದವರ ಹೆಸರುಗಳಲ್ಲಿ ಅದು ಗೌರವದ ಬಿರುದಾಗಿ ನಿಂತಿದೆ. ಅಲ್ಲಿ ದಾಸ್ಯವೆಂದರೆ ಭಕ್ತನು ತಾನಾಗಿ ಬಯಸಿ ಭಗವಂತನಿಗೆ ತನ್ನನ್ನು ಒಪ್ಪಿಸಿಕೊಂಡ ಸ್ಥಿತಿ. ಧರ್ಮಶಾಸ್ತ್ರಗಳ ದಾಸನು ಬೇರೆ. ಮನುಸ್ಮೃತಿಯು ಏಳು ಬಗೆಯ ದಾಸರನ್ನೂ ನಾರದಸ್ಮೃತಿಯು ಹದಿನೈದು ಬಗೆಯ ದಾಸರನ್ನೂ ಎಣಿಸುವುವು. ಯುದ್ಧದಲ್ಲಿ ಸೆರೆಸಿಕ್ಕವನು, ಮನೆಯ ದಾಸಿಯಲ್ಲಿ ಹುಟ್ಟಿದವನು, ಕ್ರಯಕ್ಕೆ ಕೊಂಡವನು, ಪಿತ್ರಾರ್ಜಿತವಾಗಿ ಬಂದವನು ಮೊದಲಾದವರು ಆ ಪಟ್ಟಿಯಲ್ಲಿ ಸೇರಿರುವರು. ಹಳಗನ್ನಡದ ‘ತೊೞ್ತು’ ಎಂಬುದೂ ಆಮೇಲಿನ ‘ತೊತ್ತು’ ಎಂಬುದೂ ಈ ಎರಡನೆಯ ಸ್ಥಿತಿಯನ್ನೇ ಹೇಳುವ ಮಾತುಗಳು. ಅರಬ್ಬಿಯಿಂದ ಬಂದ ‘ಗುಲಾಮ’ ಶಬ್ದಕ್ಕೆ ಮೂಲದಲ್ಲಿ ‘ಹುಡುಗ’ ಎಂದರ್ಥ. ಅಮೆರಿಕದ ತೋಟಗಳಲ್ಲಿಯೂ ಬೆಳೆದ ಗಂಡಸನ್ನು ‘ಹುಡುಗ’ನೆಂದೇ ಕರೆಯುತ್ತಿದ್ದರು. ಸಂಬಂಧವಿಲ್ಲದ ಎರಡು ದೇಶಗಳ ಭಾಷೆಗಳು ಒಂದೇ ಹಾದಿಯನ್ನು ಹಿಡಿದುದು ಆಕಸ್ಮಿಕವೆನ್ನುವಂತಿಲ್ಲ. ಒಬ್ಬನನ್ನು ಅಧೀನದಲ್ಲಿಟ್ಟುಕೊಳ್ಳಬೇಕಾದರೆ ಮೊದಲು ಅವನ ವಯಸ್ಸನ್ನೂ ಹೆಸರನ್ನೂ ಅಲ್ಲಗಳೆಯಬೇಕಾಗುವುದು.

ಗುಲಾಮಗಿರಿಯು ಮನುಷ್ಯನನ್ನು ಹೇಗೆ ಸರಕನ್ನಾಗಿ ಮಾಡಿತು, ಸರಕಾದವರು ಅದನ್ನು ಹೇಗೆ ಎದುರಿಸಿದರು ಎಂಬುದನ್ನು ಅಮೆರಿಕದ ಗುಲಾಮರು ಬರೆದ ಆತ್ಮಚರಿತ್ರೆಗಳ ಮೂಲಕ ವಿವೇಚಿಸುವುದೇ ಪ್ರಕೃತ ಲೇಖನದ ಉದ್ದೇಶ. ಈ ಗ್ರಂಥಗಳನ್ನು ಕರುಣರಸದ ಕಥೆಗಳೆಂದು ಮಾತ್ರ ಓದಿದರೆ ಅವುಗಳ ಅರ್ಧ ಅರ್ಥವು ತಪ್ಪಿಹೋಗುವುದು. ಅವುಗಳ ರಚನೆಯ ಒಂದೊಂದು ಲಕ್ಷಣವೂ ಆ ದೇಶದ ಯಾವುದಾದರೊಂದು ಶಾಸನಕ್ಕೆ ಕೊಟ್ಟ ಉತ್ತರವಾಗಿದೆ. ಆದುದರಿಂದ ಶಾಸನಗಳನ್ನು ಮೊದಲು ನೋಡಿ ಆಮೇಲೆ ಗ್ರಂಥಗಳಿಗೆ ಬರುವುದು ಯುಕ್ತವಾದ ಕ್ರಮ.

೨. ಶಾಸನವು ಕಟ್ಟಿದ ಗುಲಾಮ

ಅಟ್ಲಾಂಟಿಕ್ ಸಾಗರದ ಮೇಲೆ ನಡೆದ ಈ ವ್ಯಾಪಾರದಲ್ಲಿ ಆಫ್ರಿಕದಿಂದ ಹಡಗು ಹತ್ತಿಸಲ್ಪಟ್ಟವರು ಸುಮಾರು ೧ ಕೋಟಿ ೨೫ ಲಕ್ಷ ಜನರೆಂದೂ, ಆಚೆಯ ದಡವನ್ನು ಜೀವಂತವಾಗಿ ಮುಟ್ಟಿದವರು ಸುಮಾರು ೧ ಕೋಟಿ ೭ ಲಕ್ಷ ಜನರೆಂದೂ ಹಡಗುಗಳ ದಾಖಲೆಗಳಿಂದ ಅಂದಾಜು ಮಾಡಿರುವರು. ಉಳಿದವರು ಸಮುದ್ರದ ಪಾಲಾದರು. ೧೭೮೧ರಲ್ಲಿ ಜಮೈಕ ದ್ವೀಪಕ್ಕೆ ಹೋಗುತ್ತಿದ್ದ ‘ಜಾಂಗ್’ ಎಂಬ ಹಡಗಿನಿಂದ ೧೩೦ಕ್ಕೂ ಹೆಚ್ಚು ಜನರನ್ನು ಬದುಕಿರುವಾಗಲೇ ಕಡಲಿಗೆ ಎಸೆದರು. ನೀರು ಸಾಲದಾಯಿತೆಂಬುದು ನಾವಿಕರು ಹೇಳಿದ ಕಾರಣ. ೧೭೮೩ರಲ್ಲಿ ಈ ಸಂಗತಿಯು ಇಂಗ್ಲೆಂಡಿನ ನ್ಯಾಯಾಲಯಕ್ಕೆ ಬಂದುದು ಕೊಲೆಯ ಮೊಕದ್ದಮೆಯಾಗಿ ಅಲ್ಲ, ವಿಮೆಯ ವ್ಯಾಜ್ಯವಾಗಿ. ನಷ್ಟವಾದ ಸರಕಿಗೆ ತಲೆಗೆ ಮೂವತ್ತು ಪೌಂಡಿನಂತೆ ಪರಿಹಾರವು ಸಲ್ಲತಕ್ಕದ್ದೇ ಎಂಬುದಷ್ಟೇ ಅಲ್ಲಿ ಚರ್ಚೆಗೆ ಬಂದ ಪ್ರಶ್ನೆ. ಇದರ ಸುದ್ದಿಯನ್ನು ಗುಲಾಮಗಿರಿಯ ವಿರೋಧಿಯಾದ ಗ್ರಾನ್‌ವಿಲ್ ಷಾರ್ಪರಿಗೆ ಮುಟ್ಟಿಸಿದವರು ಒಂದು ಕಾಲದಲ್ಲಿ ತಾವೇ ಗುಲಾಮರಾಗಿದ್ದ ಒಲೌಡಾ ಇಕ್ವಿಯಾನೊ ಎಂಬವರು.

ನೆಲದ ಮೇಲಿನ ಶಾಸನಗಳು ಇದೇ ತರ್ಕವನ್ನು ಮೆಲ್ಲಮೆಲ್ಲನೆ ಕಟ್ಟಿದುವು. ವರ್ಜಿನಿಯ ಪ್ರಾಂತಕ್ಕೆ ಆಫ್ರಿಕದವರು ಮೊದಲು ಬಂದುದು ೧೬೧೯ರಲ್ಲಿ. ೧೬೬೨ರ ಶಾಸನವು ಮಗುವಿನ ಸ್ಥಿತಿಯು ತಾಯಿಯ ಸ್ಥಿತಿಯನ್ನು ಅನುಸರಿಸತಕ್ಕುದೆಂದು ವಿಧಿಸಿತು. ಇಂಗ್ಲಿಷರ ಪದ್ಧತಿಯಲ್ಲಿ ಮಗುವು ತಂದೆಯನ್ನು ಅನುಸರಿಸುವುದು ರೂಢಿ. ಅದನ್ನು ಇಲ್ಲಿ ತಿರುಗುಮುರುಗು ಮಾಡಿದುದರಿಂದ ಯಜಮಾನನು ಗುಲಾಮ ಸ್ತ್ರೀಯಲ್ಲಿ ಪಡೆದ ಮಗುವೂ ಅವನ ಆಸ್ತಿಯೇ ಆಯಿತು. ೧೬೬೭ರಲ್ಲಿ, ಕ್ರೈಸ್ತದೀಕ್ಷೆಯಿಂದ ದಾಸ್ಯವು ಹೋಗದೆಂದು ಸ್ಪಷ್ಟಪಡಿಸಿದರು. ೧೬೬೯ರಲ್ಲಿ, ಶಿಕ್ಷಿಸುವಾಗ ಗುಲಾಮನು ಸತ್ತರೆ ಅದು ಕೊಲೆಪಾತಕವಲ್ಲವೆಂದರು. ತನ್ನ ಆಸ್ತಿಯನ್ನು ಯಾರೂ ಬೇಕೆಂದು ಹಾಳುಮಾಡಿಕೊಳ್ಳರೆಂಬುದು ಅದಕ್ಕೆ ಕೊಟ್ಟ ಸಮಾಧಾನ. ೧೮೨೯ರಲ್ಲಿ ಉತ್ತರ ಕೆರೊಲೈನದ ನ್ಯಾಯಾಧೀಶ ಥಾಮಸ್ ರಫಿನ್ ಎಂಬವರು, ಗುಲಾಮನ ವಿಧೇಯತೆಯು ಪೂರ್ಣವಾಗಬೇಕಾದರೆ ಯಜಮಾನನ ಅಧಿಕಾರವು ಎಲ್ಲೆಯಿಲ್ಲದ್ದಾಗಿರಬೇಕೆಂದು ತೀರ್ಪು ಕೊಟ್ಟರು.

ಇಷ್ಟಾದರೂ ಈ ಶಾಸನಗಳು ಒಳಗೊಳಗೇ ವಿರೋಧವನ್ನು ಹೊಂದಿದ್ದುವು. ಗುಲಾಮನು ವಸ್ತುವಾಗಿದ್ದರೆ ಅವನು ಅಪರಾಧಿಯಾಗಲಾರನು; ಆದರೆ ಅಪರಾಧಕ್ಕೆ ಅವನನ್ನು ವಿಚಾರಿಸಿ ಗಲ್ಲಿಗೇರಿಸುತ್ತಿದ್ದರು. ಅವನಿಗೆ ಬುದ್ಧಿಯಿಲ್ಲದಿದ್ದರೆ ಓದು ಕಲಿಸಬಾರದೆಂಬ ನಿಷೇಧವು ಬೇಕಿರಲಿಲ್ಲ. ಫ್ರೆಡರಿಕ್ ಡಗ್ಲಸರು ೧೮೫೨ರ ಜುಲೈ ತಿಂಗಳಲ್ಲಿ ರಾಚೆಸ್ಟರ್ ನಗರದಲ್ಲಿ ಮಾಡಿದ ಭಾಷಣದಲ್ಲಿ ಈ ವಿರೋಧವನ್ನೇ ಎತ್ತಿ ತೋರಿಸಿದರು: ಹೊಲದ ಮೃಗಗಳಿಗೆ ಅಕ್ಷರ ಕಲಿಸಬಾರದೆಂದು ಯಾವ ರಾಜ್ಯವೂ ಶಾಸನ ಮಾಡಿಲ್ಲ, ಹಾಗೆ ಮಾಡಿರುವುದು ಗುಲಾಮರ ವಿಷಯದಲ್ಲಿ ಮಾತ್ರ, ಆದುದರಿಂದ ಗುಲಾಮನು ಮನುಷ್ಯನೆಂಬುದನ್ನು ಯಜಮಾನರೇ ಒಪ್ಪಿದಂತಾಯಿತು. ಮನುಷ್ಯನೆಂದು ತಿಳಿದೂ ಮನುಷ್ಯನಲ್ಲವೆಂಬಂತೆ ನಡೆಯಿಸಿಕೊಳ್ಳುವುದೇ ಈ ವ್ಯವಸ್ಥೆಯ ತಿರುಳು.

೩. ಹುಟ್ಟು, ಹೆಸರು, ಬಂಧುತ್ವ

ಸಾಧಾರಣವಾಗಿ ಆತ್ಮಚರಿತ್ರೆಯು ಹುಟ್ಟಿದ ಊರು, ವರ್ಷ, ತಂದೆತಾಯಿಗಳ ಹೆಸರುಗಳಿಂದ ಆರಂಭವಾಗುವುದು. ಡಗ್ಲಸರು ೧೮೪೫ರಲ್ಲಿ ಬಾಸ್ಟನ್ನಿನಲ್ಲಿ ಪ್ರಕಟಿಸಿದ ಮೊದಲನೆಯ ಆತ್ಮಚರಿತ್ರೆಯೂ ಹಾಗೆಯೇ ಆರಂಭವಾಗುವುದು. ಆದರೆ ಒಡನೆಯೇ ತಮಗೆ ತಮ್ಮ ವಯಸ್ಸು ತಿಳಿಯದೆಂದು ಬರೆದಿರುವರು. ತಾವು ೧೮೧೭ರಲ್ಲಿ ಹುಟ್ಟಿರಬಹುದೆಂದು ಬಹುಕಾಲ ಅವರು ಊಹಿಸಿದ್ದರು. ೧೮೧೮ರ ಫೆಬ್ರವರಿ ಎಂಬುದು ಅವರ ಮರಣಾನಂತರ ಎಷ್ಟೋ ಕಾಲಕ್ಕೆ ತಿಳಿದುಬಂದಿತು. ಅದು ದೊರೆತುದು ಯಜಮಾನನಾದ ಏರನ್ ಆಂಥೊನಿ ಎಂಬವನ ಲೆಕ್ಕದ ಪುಸ್ತಕದಲ್ಲಿ. ಮಗುವಿನ ಜನನವು ಅಲ್ಲಿ ಆಸ್ತಿಯ ವೃದ್ಧಿಯೆಂದು ದಾಖಲಾಗಿದ್ದಿತು. ಆ ಮಗುವಿಗೆ ಮಾತ್ರ ಆ ಪುಸ್ತಕವನ್ನು ನೋಡುವ ಅಧಿಕಾರವಿರಲಿಲ್ಲ.

ಆಂಥೊನಿಯು ೧೮೨೬ರಲ್ಲಿ ಸತ್ತ ಮೇಲೆ ಅವನ ಸ್ವತ್ತನ್ನು ವಾರಸುದಾರರಿಗೆ ಹಂಚಬೇಕಾಯಿತು. ಗಂಡಸರು, ಹೆಂಗಸರು, ಮಕ್ಕಳು, ಮುದುಕರು, ಕುದುರೆಗಳು, ಕುರಿಗಳು, ಹಂದಿಗಳು ಎಲ್ಲವನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಬೆಲೆಕಟ್ಟಿದರೆಂದು ಡಗ್ಲಸರು ವರ್ಣಿಸಿರುವರು. ದಾಸ್ಯವು ಗುಲಾಮನನ್ನೂ ಯಜಮಾನನನ್ನೂ ಏಕಕಾಲದಲ್ಲಿ ಮೃಗವಾಗಿಸುವುದೆಂಬುದು ಆ ಸಂದರ್ಭದಲ್ಲಿ ತಮಗೆ ಸ್ಪಷ್ಟವಾಯಿತೆಂಬುದು ಅವರ ಅಭಿಪ್ರಾಯ. ಸರ್ಕಾರದ ದಾಖಲೆಯೂ ಇದೇ ರೀತಿಯದು. ೧೮೫೦ ಮತ್ತು ೧೮೬೦ರ ಜನಗಣತಿಗಳಲ್ಲಿ ಗುಲಾಮರಿಗಾಗಿ ಬೇರೆ ಪಟ್ಟಿಗಳಿದ್ದುವು. ಅವುಗಳಲ್ಲಿ ಯಜಮಾನನ ಹೆಸರಿನ ಕೆಳಗೆ ಗುಲಾಮರ ವಯಸ್ಸು, ಲಿಂಗ, ಬಣ್ಣಗಳು ಮಾತ್ರ ಕಾಣುವುವು. ೧೮೬೦ರಲ್ಲಿ ಹಾಗೆ ಎಣಿಸಲ್ಪಟ್ಟವರು ೩೯ ಲಕ್ಷಕ್ಕೂ ಹೆಚ್ಚು ಜನರು. ಅವರಲ್ಲಿ ಬಹುತೇಕರ ಹೆಸರುಗಳನ್ನು ಗಣತಿಯವರು ಬರೆದುಕೊಳ್ಳಲಿಲ್ಲ.

ಇದಕ್ಕೆ ಪ್ರತಿಯಾಗಿ ಬಿಡುಗಡೆ ಹೊಂದಿದವನು ಮೊದಲು ಮಾಡಿದ ಕೆಲಸಗಳಲ್ಲಿ ಹೆಸರಿಡುವುದೂ ಒಂದು. ಮೇರಿಲ್ಯಾಂಡಿನಲ್ಲಿ ಫ್ರೆಡರಿಕ್ ಬೇಯ್ಲಿ ಎನಿಸಿಕೊಂಡಿದ್ದ ಯುವಕನು ೧೮೩೮ರ ಸೆಪ್ಟೆಂಬರ್ ೩ರಂದು ನಾವಿಕನ ವೇಷದಲ್ಲಿ ತಪ್ಪಿಸಿಕೊಂಡು ಉತ್ತರಕ್ಕೆ ಬಂದು, ಹಿಡಿಯುವವರ ಭಯದಿಂದ ಹೆಸರನ್ನು ಒಂದೆರಡು ಸಲ ಬದಲಾಯಿಸಿದನು. ಕಡೆಗೆ ನೇಥನ್ ಜಾನ್ಸನ್ ಎಂಬ ಆಶ್ರಯದಾತನು, ತಾನು ಆಗ ಓದುತ್ತಿದ್ದ ಸ್ಕಾಟ್ ಕವಿಯ ‘ಸರೋವರದ ರಾಣಿ’ ಕಾವ್ಯದ ಪಾತ್ರವೊಂದರಿಂದ ‘ಡಗ್ಲಸ್’ ಎಂಬ ಹೆಸರನ್ನು ಸೂಚಿಸಿದನು. ಯುವಕನು ಅದನ್ನೊಪ್ಪಿಕೊಂಡರೂ ‘ಫ್ರೆಡರಿಕ್’ ಎಂಬುದನ್ನು ಮಾತ್ರ ಬಿಡಲಿಲ್ಲ. ತಾನು ಯಾರೆಂಬುದರ ಗುರುತಾಗಿ ಅದು ಉಳಿಯಬೇಕೆಂದು ಹೇಳಿದನು. ಇಕ್ವಿಯಾನೊ ಅವರಿಗೂ ಯಜಮಾನನೊಬ್ಬನು ‘ಗುಸ್ಟಾವಸ್ ವಾಸಾ’ ಎಂಬ ಸ್ವೀಡನ್ ದೇಶದ ರಾಜನ ಹೆಸರನ್ನು ಬಲಾತ್ಕಾರದಿಂದ ಇಟ್ಟಿದ್ದನು. ೧೭೬೬ರಲ್ಲಿ ನಲವತ್ತು ಪೌಂಡು ತೆತ್ತು ಬಿಡುಗಡೆ ಪಡೆದ ಅವರು ೧೭೮೯ರಲ್ಲಿ ಪ್ರಕಟಿಸಿದ ಆತ್ಮಚರಿತ್ರೆಯ ಮುಖಪುಟದಲ್ಲಿ ಎರಡು ಹೆಸರುಗಳನ್ನೂ ಅಚ್ಚು ಹಾಕಿಸಿದರು.

ಬಂಧುತ್ವವನ್ನು ಕಡಿಯುವುದು ಇನ್ನೂ ಕ್ರೂರವಾದುದು. ೧೭೯೦ರಿಂದ ೧೮೬೦ರವರೆಗೆ ಸುಮಾರು ಹತ್ತು ಲಕ್ಷ ಗುಲಾಮರು ಉತ್ತರದ ಹಳೆಯ ತೋಟಗಳಿಂದ ದಕ್ಷಿಣದ ಹತ್ತಿಯ ಸೀಮೆಗೆ ಸಾಗಿಸಲ್ಪಟ್ಟರು. ಗುಲಾಮರ ವಿವಾಹಕ್ಕೆ ಶಾಸನದ ಮನ್ನಣೆಯಿರಲಿಲ್ಲವಾದ್ದರಿಂದ ಗಂಡನನ್ನೂ ಹೆಂಡತಿಯನ್ನೂ ಬೇರೆ ಬೇರೆ ಮಾರುವುದಕ್ಕೆ ಅಡ್ಡಿಯಿರಲಿಲ್ಲ. ಡಗ್ಲಸರ ತಾಯಿ ಹ್ಯಾರಿಯೆಟ್ ಬೇಯ್ಲಿಯನ್ನು ಹನ್ನೆರಡು ಮೈಲಿ ದೂರದ ಹೊಲಕ್ಕೆ ಕೂಲಿಗೆ ಕೊಟ್ಟಿದ್ದರು. ಆಕೆ ಹಗಲೆಲ್ಲ ದುಡಿದು ರಾತ್ರಿ ನಡೆದು ಬಂದು, ಮಗನನ್ನು ಮಲಗಿಸಿ, ಬೆಳಗಾಗುವುದರೊಳಗೆ ಹಿಂದಿರುಗುತ್ತಿದ್ದಳು. ಹೊತ್ತು ಮೂಡುವಾಗ ಹೊಲದಲ್ಲಿಲ್ಲದವರಿಗೆ ಚಾಟಿಯ ಏಟು. ಹೀಗೆ ಆಕೆ ಬಂದುದು ನಾಲ್ಕೈದು ಸಲ ಮಾತ್ರ. ಆಕೆಯ ಸಾವಿನ ಸುದ್ದಿಯು ತಮಗೆ ಪರಕೀಯರ ಸಾವಿನ ಸುದ್ದಿಯಂತೆ ಕೇಳಿಸಿತೆಂದು ಡಗ್ಲಸರು ಬರೆದಿರುವುದು ಕಠೋರವಾಗಿ ತೋರಬಹುದು. ಆದರೆ ಆ ಮಾತು ತಾಯಿಯ ಮೇಲಣ ದೂರಲ್ಲ. ತಾಯಿಮಕ್ಕಳ ನಡುವಣ ಸಹಜವಾದ ಮಮತೆಯನ್ನೂ ವ್ಯವಸ್ಥೆಯೊಂದು ಒಣಗಿಸಬಲ್ಲುದೆಂಬುದಕ್ಕೆ ತಮ್ಮ ಮನಸ್ಸನ್ನೇ ಅವರು ಸಾಕ್ಷಿಯಾಗಿ ನಿಲ್ಲಿಸಿರುವರು. ಆ ತಾಯಿಯು ನಡೆದ ಹನ್ನೆರಡು ಮೈಲಿಯು ಪ್ರತಿರೋಧದ ಒಂದು ರೂಪವೆಂಬುದನ್ನು ವಾಚಕರು ಮರೆಯಬಾರದು.

೪. ಅಕ್ಷರ

೧೭೩೯ರಲ್ಲಿ ದಕ್ಷಿಣ ಕೆರೊಲೈನದ ಸ್ಟೋನೊ ನದಿಯ ಬಳಿ ಗುಲಾಮರು ದಂಗೆಯೆದ್ದರು. ಮರುವರ್ಷವೇ ಬಂದ ಶಾಸನವು ಗುಲಾಮರಿಗೆ ಬರವಣಿಗೆ ಕಲಿಸಿದವರಿಗೆ ನೂರು ಪೌಂಡು ದಂಡ ವಿಧಿಸಿತು. ಉತ್ತರ ಕೆರೊಲೈನದ ೧೮೩೦ರ ಶಾಸನವು ಇನ್ನೂ ಗಮನಾರ್ಹವಾದುದು. ಓದುಬರಹವನ್ನು ಕಲಿಸಿದರೆ ಗುಲಾಮರ ಮನಸ್ಸಿನಲ್ಲಿ ಅತೃಪ್ತಿ ಹುಟ್ಟುವುದೆಂದು ಅದರ ಪೀಠಿಕೆಯು ಬಾಯಿಬಿಟ್ಟು ಹೇಳುವುದು; ಆದರೆ ಅಂಕಿಗಳನ್ನು ಕಲಿಸುವುದಕ್ಕೆ ವಿನಾಯಿತಿಯುಂಟು. ಮೂಟೆಗಳನ್ನು ಎಣಿಸುವುದಕ್ಕೆ ಬೇಕಾದಷ್ಟು ವಿದ್ಯೆಯು ಇರಲಿ, ಅದಕ್ಕಿಂತ ಹೆಚ್ಚಿನದು ಬೇಡವೆಂಬುದು ಇದರ ತಾತ್ಪರ್ಯ.

ಈ ಹಿನ್ನೆಲೆಯಲ್ಲಿ ಡಗ್ಲಸರ ಗ್ರಂಥದ ಪ್ರಸಿದ್ಧವಾದ ಪ್ರಸಂಗವನ್ನು ಓದಬೇಕು. ಬಾಲ್ಟಿಮೋರಿನಲ್ಲಿ ಯಜಮಾನಿತಿ ಸೋಫಿಯಾ ಆಲ್ಡ್ ಎಂಬವಳು ಬಾಲಕನಿಗೆ ಅಕ್ಷರಮಾಲೆಯನ್ನು ಕಲಿಸತೊಡಗಿದಳು. ಅವಳ ಗಂಡನು ಅದನ್ನು ತಡೆದು, ಓದು ಬಂದವನು ಗುಲಾಮನಾಗಿ ಉಳಿಯಲಾರನೆಂದನು. ಬಾಲಕನಿಗೆ ಆ ನಿಷೇಧವೇ ಉಪದೇಶವಾಯಿತು. ಮುಂದೆ ಅವನು ಬೀದಿಯ ಬಡ ಬಿಳಿಯ ಹುಡುಗರಿಗೆ ಮನೆಯ ರೊಟ್ಟಿಯನ್ನು ಕೊಟ್ಟು ಅವರಿಂದ ಪಾಠ ಹೇಳಿಸಿಕೊಂಡನು. ಹಡಗುಕಟ್ಟೆಯಲ್ಲಿ ಬಡಗಿಗಳು ಮರದ ತೊಲೆಗಳ ಮೇಲೆ ಬರೆಯುತ್ತಿದ್ದ ಗುರುತಿನ ಅಕ್ಷರಗಳನ್ನು ನೋಡಿ ಬರವಣಿಗೆ ಕಲಿತನು. ಸುಮಾರು ಹನ್ನೆರಡನೆಯ ವಯಸ್ಸಿನಲ್ಲಿ ಐವತ್ತು ಸೆಂಟು ಕೊಟ್ಟು ‘ಕೊಲಂಬಿಯನ್ ಆರೇಟರ್’ ಎಂಬ ವಾಗ್ಮಿತೆಯ ಪಾಠಪುಸ್ತಕವನ್ನು ಕೊಂಡನು. ಗುಲಾಮನೊಬ್ಬನು ವಾದದಿಂದ ಯಜಮಾನನನ್ನು ಒಪ್ಪಿಸಿ ಬಿಡುಗಡೆ ಪಡೆಯುವ ಸಂವಾದವೊಂದು ಅದರಲ್ಲಿತ್ತು. ಓದು ಬಂದುದರಿಂದ ಸುಖವಾಯಿತೆಂದು ಡಗ್ಲಸರು ಹೇಳುವುದಿಲ್ಲ. ತಮ್ಮ ಸ್ಥಿತಿಯು ತಿಳಿದು, ಪರಿಹಾರವು ಕಾಣದೆ, ಅದು ಶಾಪವೆಂಬಂತೆ ತೋರಿತೆಂದೇ ಬರೆದಿರುವರು. ಯಜಮಾನನು ಹೇಳಿದ್ದು ನಿಜವಾಯಿತೆಂದು ಒಪ್ಪಿಕೊಳ್ಳುವ ಈ ಪ್ರಾಮಾಣಿಕತೆಯಿಂದ ಗ್ರಂಥದ ಬಲವು ಹೆಚ್ಚಿದೆ.

ಅಕ್ಷರವಿಲ್ಲದಿರುವುದು ಎಂಥ ತೊಡಕೆಂಬುದಕ್ಕೆ ವಿಲಿಯಮ್ ಮತ್ತು ಎಲೆನ್ ಕ್ರಾಫ್ಟ್ ದಂಪತಿಗಳ ವೃತ್ತಾಂತವು ಉದಾಹರಣೆ. ೧೮೪೮ರ ಡಿಸೆಂಬರಿನಲ್ಲಿ, ಮೈಬಣ್ಣ ಬಿಳುಪಾಗಿದ್ದ ಎಲೆನ್ ರೋಗಿಯಾದ ಬಿಳಿಯ ಯಜಮಾನನ ವೇಷವನ್ನೂ ಗಂಡನು ಅವಳ ಸೇವಕನ ವೇಷವನ್ನೂ ತಾಳಿ, ಜಾರ್ಜಿಯದಿಂದ ಫಿಲಡೆಲ್ಫಿಯಕ್ಕೆ ರೈಲು ಹಡಗುಗಳಲ್ಲಿ ಬಹಿರಂಗವಾಗಿಯೇ ಪ್ರಯಾಣ ಮಾಡಿದರು. ವಸತಿಗೃಹಗಳಲ್ಲಿ ಸಹಿ ಮಾಡಬೇಕಾಗುವುದೆಂಬ ಭಯದಿಂದ ಎಲೆನ್ ತನ್ನ ಬಲಗೈಯನ್ನು ಜೋಳಿಗೆಪಟ್ಟಿಯಲ್ಲಿ ಕಟ್ಟಿಕೊಂಡಿದ್ದಳು. ಆಕೆಗೆ ಆಗ ಬರೆಯಲು ಬರುತ್ತಿರಲಿಲ್ಲ. ಈ ದಂಪತಿಗಳ ಕಥನವು ೧೮೬೦ರಲ್ಲಿ ಅಚ್ಚಾಯಿತು.

ಈ ವರ್ಗದ ಎಷ್ಟೋ ಗ್ರಂಥಗಳ ಮುಖಪುಟದಲ್ಲಿ ‘ತಾನೇ ಬರೆದುದು’ ಎಂಬ ಮಾತು ಏಕೆ ಕಾಣುವುದೆಂಬುದು ಈಗ ವಿಶದವಾಗುವುದು. ಗುಲಾಮರ ಸಾಕ್ಷ್ಯವನ್ನು ಬಿಳಿಯರ ವಿರುದ್ಧ ನ್ಯಾಯಾಲಯಗಳು ಸ್ವೀಕರಿಸುತ್ತಿರಲಿಲ್ಲ. ಆದುದರಿಂದ ಗ್ರಂಥವು ಸಾಕ್ಷ್ಯಪತ್ರವಾಗಬೇಕಾಯಿತು. ಅದರ ಮುಂದೆ ಬಿಳಿಯ ಗೃಹಸ್ಥರ ಪ್ರಮಾಣಪತ್ರಗಳೂ ಬೇಕಾದುವು. ಡಗ್ಲಸರ ಗ್ರಂಥಕ್ಕೆ ಗ್ಯಾರಿಸನ್ ಮತ್ತು ವೆಂಡೆಲ್ ಫಿಲಿಪ್ಸ್ ಎಂಬವರು ಮುನ್ನುಡಿ ಮತ್ತು ಪತ್ರಗಳನ್ನು ಬರೆದರು. ಊರು, ವ್ಯಕ್ತಿ, ಹೊಲಗಳ ಹೆಸರುಗಳನ್ನು ಒಂದೊಂದಾಗಿ ಹೇಳುವ ಅವರ ಶೈಲಿಯು ಪಾಟೀಸವಾಲಿಗೆ ಸಿದ್ಧನಾದ ಸಾಕ್ಷಿಯ ಶೈಲಿ. ತಪ್ಪಿಸಿಕೊಂಡ ಬಗೆಯನ್ನು ಮಾತ್ರ ಅವರು ಹೇಳಲಿಲ್ಲ. ಹೇಳಿದರೆ ಹಿಂದೆ ಬರುವವರ ದಾರಿಯು ಮುಚ್ಚಿಹೋಗುತ್ತಿತ್ತು. ಅದನ್ನು ವಿವರವಾಗಿ ಗ್ರಂಥಸ್ಥ ಮಾಡಿದುದು ದಾಸ್ಯವು ಅಳಿದ ಮೇಲೆ, ೧೮೮೧ರ ಮೂರನೆಯ ಆತ್ಮಚರಿತ್ರೆಯಲ್ಲಿ.

೫. ಒಬ್ಬ ಸ್ತ್ರೀಯ ಸಾಕ್ಷ್ಯ

ಹ್ಯಾರಿಯೆಟ್ ಜೇಕಬ್ಸರು ೧೮೧೩ರಲ್ಲಿ ಉತ್ತರ ಕೆರೊಲೈನದ ಈಡೆಂಟನ್ ಊರಿನಲ್ಲಿ ಹುಟ್ಟಿದರು. ಅವರಿಗೆ ಓದು ಕಲಿಸಿದ ಮೊದಲನೆಯ ಯಜಮಾನಿತಿಯು ಸಾಯುವಾಗ ಅವರನ್ನು ಬಿಡುಗಡೆ ಮಾಡದೆ, ತನ್ನ ಮೂರು ವರ್ಷದ ಸೋದರಸಂಬಂಧದ ಮಗುವಿಗೆ ಮರಣಶಾಸನದಿಂದ ಕೊಟ್ಟುಬಿಟ್ಟಳು. ಜೇಕಬ್ಸರ ಅಜ್ಜಿಯು ರಾತ್ರಿಯ ಹೊತ್ತು ರೊಟ್ಟಿ ಬಿಸ್ಕತ್ತುಗಳನ್ನು ಸುಟ್ಟು ಮಾರಿ, ಮಕ್ಕಳನ್ನು ಬಿಡಿಸಿಕೊಳ್ಳುವುದಕ್ಕಾಗಿ ಮುನ್ನೂರು ಡಾಲರು ಕೂಡಿಟ್ಟಿದ್ದಳು. ಅದನ್ನು ಯಜಮಾನಿತಿಯು ಕೈಗಡವಾಗಿ ಪಡೆದು ಹಿಂದಿರುಗಿಸಲಿಲ್ಲ. ಸ್ವತ್ತೇ ಆದವಳಿಗೆ ಸ್ವತ್ತಿರಲಾರದೆಂಬುದು ಶಾಸನವಾದ್ದರಿಂದ ಸಾಲವನ್ನು ಕೇಳುವ ಹಕ್ಕೂ ಅವಳಿಗಿರಲಿಲ್ಲ.

ಯೌವನಕ್ಕೆ ಬಂದ ಜೇಕಬ್ಸರನ್ನು ಆ ಮಗುವಿನ ತಂದೆಯಾದ ವೈದ್ಯನು ಕಾಡತೊಡಗಿದನು. ೧೬೬೨ರ ಶಾಸನದ ಪೂರ್ಣಾರ್ಥವು ಇಲ್ಲಿ ಕಾಣುವುದು: ಸ್ತ್ರೀಯ ಮೇಲಿನ ಬಲಾತ್ಕಾರದಿಂದ ಯಜಮಾನನಿಗೆ ಶಿಕ್ಷೆಯಾಗುವುದರ ಬದಲು ಆಸ್ತಿಯು ಹೆಚ್ಚುತ್ತಿತ್ತು. ಅವನಿಂದ ಪಾರಾಗಲು ಜೇಕಬ್ಸರು ಬೇರೊಬ್ಬ ಬಿಳಿಯನ ಸಂಬಂಧವನ್ನು ಆರಿಸಿಕೊಂಡರು. ಇದನ್ನು ಅವರು ಮುಚ್ಚಿಡಲಿಲ್ಲ. ಲಜ್ಜೆಯಿಂದಲೇ ಹೇಳಿ, ಕಾನೂನಿನ ರಕ್ಷಣೆಯುಳ್ಳ ಸ್ತ್ರೀಯರಿಗೆ ಇರುವ ಅಳತೆಗೋಲಿನಿಂದ ಗುಲಾಮ ಸ್ತ್ರೀಯನ್ನು ಅಳೆಯುವುದು ಸಲ್ಲದೆಂದು ವಾದಿಸಿದರು. ಆ ಕಾಲದ ಸ್ತ್ರೀಯೊಬ್ಬಳು ಅಚ್ಚಿನಲ್ಲಿ ಹೀಗೆ ಬರೆದುದು ಚಾಟಿಯನ್ನು ಎದುರಿಸಿದುದಕ್ಕಿಂತ ಕಡಿಮೆಯ ಧೈರ್ಯವಲ್ಲ.

೧೮೩೫ರಲ್ಲಿ ಅವರು ಓಡಿಹೋದಂತೆ ತೋರಿಸಿ, ಅಜ್ಜಿಯ ಮನೆಯ ಉಗ್ರಾಣದ ಮೇಲಣ ಅಟ್ಟದಲ್ಲಿ ಅಡಗಿದರು. ಅದರ ಉದ್ದ ಒಂಬತ್ತಡಿ, ಅಗಲ ಏಳಡಿ. ಅತ್ಯಂತ ಎತ್ತರದ ಭಾಗ ಮೂರಡಿ. ಗಾಳಿಬೆಳಕುಗಳಿಲ್ಲದ ಆ ಗೂಡಿನಲ್ಲಿ ಸುಮಾರು ಏಳು ವರ್ಷ ಕಳೆದರು. ಬೈರಿಗೆಯಿಂದ ಮರದಲ್ಲಿ ಸಣ್ಣ ತೂತುಗಳನ್ನು ಕೊರೆದು, ಕೆಳಗೆ ಆಡುತ್ತಿದ್ದ ತಮ್ಮ ಮಕ್ಕಳನ್ನು ನೋಡುತ್ತಿದ್ದರು. ಅಲ್ಲಿಂದಲೇ ಯಜಮಾನನಿಗೆ ಪತ್ರಗಳನ್ನು ಬರೆದು, ಅವು ನ್ಯೂಯಾರ್ಕಿನಿಂದ ಬಂದಂತೆ ಅಂಚೆಗೆ ಹಾಕಿಸಿ, ಅವನು ದೂರದ ಊರುಗಳಲ್ಲಿ ಹುಡುಕುವಂತೆ ಮಾಡಿದರು. ಹೀಗೆ ಬಿಳಿಯರು ಮುಚ್ಚಿಡಲು ಯತ್ನಿಸಿದ ಅಕ್ಷರವು ಅವರನ್ನೇ ದಿಕ್ಕುತಪ್ಪಿಸಿತು. ೧೮೪೨ರಲ್ಲಿ ಅವರು ಉತ್ತರಕ್ಕೆ ಪಾರಾದರು. ಅವರ ಆತ್ಮಚರಿತ್ರೆಯು ೧೮೬೧ರಲ್ಲಿ ‘ಲಿಂಡಾ ಬ್ರೆಂಟ್’ ಎಂಬ ಗುಪ್ತನಾಮದಿಂದ ಹೊರಬಂದಿತು.

೬. ಇತರ ಬಗೆಯ ಪ್ರತಿರೋಧಗಳು

ಆಯುಧ ಹಿಡಿದ ದಂಗೆಗಳೂ ನಡೆದುವು. ಅಮೆರಿಕದಲ್ಲಿ ೧೮೦೦ರ ಗೇಬ್ರಿಯಲನ ಸಂಚು, ೧೮೨೨ರ ಡೆನ್ಮಾರ್ಕ್ ವೀಸಿಯ ಸಂಚು, ೧೮೩೧ರ ನ್ಯಾಟ್ ಟರ್ನರನ ದಂಗೆ ಪ್ರಸಿದ್ಧವಾದುವು. ಹೈಟಿಯಲ್ಲಿ ೧೭೯೧ರಲ್ಲಿ ಎದ್ದ ಗುಲಾಮರು ೧೮೦೪ರಲ್ಲಿ ಸ್ವತಂತ್ರ ರಾಜ್ಯವನ್ನೇ ಸ್ಥಾಪಿಸಿದರು. ಹ್ಯಾರಿಯೆಟ್ ಟಬ್ಮನ್ ೧೮೪೯ರಲ್ಲಿ ತಪ್ಪಿಸಿಕೊಂಡು, ಸುಮಾರು ಹದಿಮೂರು ಸಲ ಹಿಂದಿರುಗಿ, ಸುಮಾರು ಎಪ್ಪತ್ತು ಜನರನ್ನು ಕರೆತಂದರು.

ಆದರೆ ನಿತ್ಯದ ಪ್ರತಿರೋಧವು ಇದಕ್ಕಿಂತ ವ್ಯಾಪಕವಾಗಿದ್ದಿತು: ಕೆಲಸವನ್ನು ನಿಧಾನ ಮಾಡುವುದು, ಉಪಕರಣಗಳನ್ನು ಮುರಿಯುವುದು, ರೋಗದ ನಟನೆ, ಕೆಲವು ದಿನ ಕಾಡಿನಲ್ಲಿ ಮರೆಯಾಗುವುದು. ೧೮೫೧ರಲ್ಲಿ ಸ್ಯಾಮ್ಯುಯಲ್ ಕಾರ್ಟ್‌ರೈಟ್ ಎಂಬ ವೈದ್ಯನು ಓಡಿಹೋಗುವ ಚಪಲವನ್ನೂ ಉಪಕರಣ ಮುರಿಯುವ ಸ್ವಭಾವವನ್ನೂ ನೀಗ್ರೋಗಳ ರೋಗಗಳೆಂದು ವರ್ಣಿಸಿ, ಅವುಗಳಿಗೆ ಗ್ರೀಕ್ ಮೂಲದ ಹೆಸರುಗಳನ್ನಿಟ್ಟನು. ಸ್ವಾತಂತ್ರ್ಯದ ಬಯಕೆಯನ್ನು ಮನುಷ್ಯಸಹಜವೆಂದು ಒಪ್ಪಿದರೆ ವ್ಯವಸ್ಥೆಯು ನಿಲ್ಲದು. ಆದುದರಿಂದ ಅದನ್ನು ವ್ಯಾಧಿಯೆನ್ನಬೇಕಾಯಿತು.

ಹಾಡಿನ ವಿಷಯದಲ್ಲಿಯೂ ಇಂಥದೇ ಅಪಾರ್ಥ ನಡೆದಿತ್ತು. ಗುಲಾಮರು ಹಾಡುವುದನ್ನು ಕೇಳಿದ ಪರಸ್ಥಳದವರು ಅವರು ಸುಖಿಗಳೆಂದು ಬರೆದರು. ಗುಲಾಮನು ಹೆಚ್ಚಾಗಿ ಹಾಡುವುದು ಹೆಚ್ಚು ದುಃಖದಲ್ಲಿರುವಾಗಲೇ ಎಂದು ಡಗ್ಲಸರು ಇದನ್ನು ತಿದ್ದಿದರು. ಬೀಸುವ ಕಲ್ಲಿನ ಮುಂದೆ ಕುಳಿತ ನಮ್ಮ ಹೆಣ್ಣುಮಕ್ಕಳ ಹಾಡುಗಳನ್ನು ಬಲ್ಲ ವಾಚಕರಿಗೆ ಈ ಮಾತು ವಿಚಿತ್ರವಾಗಿ ತೋರದು.

೧೮೬೫ರಲ್ಲಿ ದಾಸ್ಯವು ರದ್ದಾದ ಮೇಲೆ ನೀಗ್ರೋಗಳ ಪತ್ರಿಕೆಗಳಲ್ಲಿ ವರ್ಷಗಟ್ಟಲೆ ಒಂದು ಬಗೆಯ ಪ್ರಕಟಣೆಗಳು ಬಂದುವು. ಮಾರಿಹೋದ ಮಕ್ಕಳನ್ನು ತಾಯಂದಿರು, ಅಗಲಿದ ಹೆಂಡತಿಯನ್ನು ಗಂಡನು ಹುಡುಕುತ್ತಿದ್ದರು. ಯಾವ ಯಜಮಾನನಿಂದ ಯಾವ ವ್ಯಾಪಾರಿಯ ಕೈಗೆ ಹೋದರೆಂಬ ವಿವರವನ್ನು ಗುರುತಿಗಾಗಿ ಕೊಡುತ್ತಿದ್ದರು. ಮಾರಾಟದ ಪಟ್ಟಿಯನ್ನು ಅವರು ನೆನಪಿನಲ್ಲಿಟ್ಟುಕೊಂಡಿದ್ದು, ಅದರಿಂದಲೇ ವಂಶವೃಕ್ಷವನ್ನು ಮತ್ತೆ ಕಟ್ಟಲು ಯತ್ನಿಸಿದರು.

೭. ಪ್ರಾಮಾಣ್ಯದ ಚರ್ಚೆ

ಈ ಗ್ರಂಥಗಳನ್ನು ವಿದ್ವಾಂಸರು ಬಹುಕಾಲ ನಂಬಲಿಲ್ಲ. ೧೯೧೮ರಲ್ಲಿ ಯು. ಬಿ. ಫಿಲಿಪ್ಸರು ಬರೆದ ಗುಲಾಮಗಿರಿಯ ಇತಿಹಾಸವು ತೋಟದ ಯಜಮಾನರ ಕಾಗದಪತ್ರಗಳನ್ನು ಮುಖ್ಯಾಧಾರವಾಗಿಟ್ಟುಕೊಂಡಿತು. ೧೯೪೩ರಲ್ಲಿ ಹರ್ಬರ್ಟ್ ಆಪ್ತೆಕರರು ಸುಮಾರು ೨೫೦ ದಂಗೆ ಸಂಚುಗಳನ್ನು ಎಣಿಸಿ, ಗುಲಾಮರು ತೃಪ್ತರಾಗಿದ್ದರೆಂಬ ವಾದವನ್ನು ಖಂಡಿಸಿದರು. ೧೯೫೯ರಲ್ಲಿ ಸ್ಟ್ಯಾನ್ಲಿ ಎಲ್ಕಿನ್ಸರು ಬೇರೊಂದು ಪಕ್ಷವನ್ನು ಹಿಡಿದರು: ವ್ಯವಸ್ಥೆಯ ಕ್ರೌರ್ಯವು ಅಷ್ಟು ಪೂರ್ಣವಾಗಿದ್ದುದರಿಂದ ಗುಲಾಮನ ವ್ಯಕ್ತಿತ್ವವು ಶಿಶುವಿನಂತಾಯಿತೆಂಬುದು ಅವರ ಮತ. ಇದರಲ್ಲಿ ಗುಲಾಮನ ವಿಷಯದಲ್ಲಿ ಕನಿಕರವಿದ್ದರೂ, ‘ಹುಡುಗ’ನೆಂಬ ಯಜಮಾನನ ಮಾತು ಇನ್ನೊಂದು ದಾರಿಯಿಂದ ಒಳಗೆ ಬಂದಂತಾಯಿತು. ೧೯೭೨ರಲ್ಲಿ ಜಾನ್ ಬ್ಲಾಸಿಂಗೇಮರು ಆತ್ಮಚರಿತ್ರೆಗಳನ್ನೇ ಆಧಾರವಾಗಿಟ್ಟುಕೊಂಡು, ಗುಲಾಮರು ಕುಟುಂಬ, ಧರ್ಮ, ಹಾಡು, ಕಥೆಗಳಿಂದ ತಮ್ಮದೇ ಆದ ಸಮಾಜವನ್ನು ಕಟ್ಟಿಕೊಂಡಿದ್ದರೆಂದು ತೋರಿಸಿದರು. ಜೇಕಬ್ಸರ ಗ್ರಂಥವನ್ನು ಅದರ ಸಂಪಾದಕಿಯಾದ ಲಿಡಿಯಾ ಮರಾಯಾ ಚೈಲ್ಡ್ ಎಂಬವರ ಕಾದಂಬರಿಯೆಂದೇ ಹಲವರು ಭಾವಿಸಿದ್ದರು. ೧೯೮೧ರಲ್ಲಿ ಜೀನ್ ಫೇಗನ್ ಯೆಲಿನ್ ಅವರು ಪತ್ರಗಳ ಆಧಾರದಿಂದ ಜೇಕಬ್ಸರ ಕರ್ತೃತ್ವವನ್ನು ಸ್ಥಾಪಿಸಿದರು. ಇಕ್ವಿಯಾನೊ ಅವರು ಹುಟ್ಟಿದುದು ಆಫ್ರಿಕದಲ್ಲಿಯೋ ಕೆರೊಲೈನದಲ್ಲಿಯೋ ಎಂಬ ವಿಷಯದಲ್ಲಿ ಅಭಿಪ್ರಾಯಭೇದವುಂಟು.

ಎರಡು ಪಕ್ಷಗಳಲ್ಲಿಯೂ ಅಪಾಯವಿಲ್ಲದಿಲ್ಲ. ಪ್ರತಿರೋಧವನ್ನು ಮಾತ್ರ ಹೊಗಳಿದರೆ ಕ್ರೌರ್ಯವು ಹಗುರವಾಗಿ ಕಾಣುವುದು. ಕ್ರೌರ್ಯವನ್ನು ಮಾತ್ರ ವರ್ಣಿಸಿದರೆ ಅದನ್ನು ಸಹಿಸಿದವರು ಮರೆಯಾಗುವರು. ಆತ್ಮಚರಿತ್ರೆಗಳಲ್ಲಿ ಈ ಎರಡೂ ಬೇರೆಯಾಗಿಲ್ಲ. ತಾಯಿಯ ಸಾವಿಗೆ ಅಳಲಾರದೆ ಹೋದ ಮಗನೇ ಆ ತಾಯಿ ನಡೆದ ದೂರವನ್ನು ಲೆಕ್ಕವಿಟ್ಟು ಬರೆದನು.

೮. ಉಪಸಂಹಾರ

ಈ ವಿಷಯವು ಭಾರತೀಯರಿಗೆ ದೂರದ್ದಲ್ಲ. ಜ್ಯೋತಿಬಾ ಫುಲೆಯವರು ೧೮೭೩ರಲ್ಲಿ ಮರಾಠಿಯಲ್ಲಿ ಬರೆದ ‘ಗುಲಾಮಗಿರಿ’ ಗ್ರಂಥವನ್ನು, ನೀಗ್ರೋಗಳ ದಾಸ್ಯವನ್ನು ನಿವಾರಿಸಿದುದಕ್ಕಾಗಿ ಅಮೆರಿಕದ ಸಜ್ಜನರಿಗೆ ಅರ್ಪಿಸಿದರು. ಬ್ರಿಟಿಷ್ ಭಾರತದಲ್ಲಿ ೧೮೪೩ರ ಐದನೆಯ ಶಾಸನವು ದಾಸ್ಯದ ಹಕ್ಕಿಗೆ ನ್ಯಾಯಾಲಯಗಳ ಬೆಂಬಲವನ್ನು ತೆಗೆದುಹಾಕಿತು. ಜೀತಪದ್ಧತಿಯನ್ನು ರದ್ದುಪಡಿಸುವ ಶಾಸನವು ಬಂದುದು ೧೯೭೬ರಲ್ಲಿ. ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ ಮೊದಲಾದ ಕಡೆಗಳಲ್ಲಿ ನೆಲಸಿರುವ ಸಿದ್ದಿಗಳ ಪೂರ್ವಿಕರು ಆಫ್ರಿಕದವರು. ಅವರಲ್ಲಿ ಅನೇಕರು ಪೋರ್ಚುಗೀಸರ ಗೋವೆಗೆ ಗುಲಾಮರಾಗಿ ಬಂದು ಅಲ್ಲಿಂದ ಘಟ್ಟದ ಕಾಡುಗಳನ್ನು ಸೇರಿದವರು. ೨೦೦೩ರಲ್ಲಿ ಈ ಜನಾಂಗವು ಪರಿಶಿಷ್ಟ ಬುಡಕಟ್ಟುಗಳ ಪಟ್ಟಿಯಲ್ಲಿ ಸೇರಿತು. ಅವರ ಡಮಾಮಿ ಕುಣಿತ, ಹಾಡು, ಮನೆತನದ ಕಥೆಗಳನ್ನು ಸಂಗ್ರಹಿಸುವವರು ಡಗ್ಲಸ್ ಜೇಕಬ್ಸರ ಗ್ರಂಥಗಳಿಂದ ಕಲಿಯತಕ್ಕ ಪಾಠವೊಂದುಂಟು. ಯಜಮಾನರ ದಾಖಲೆಯಲ್ಲಿ ವಯಸ್ಸು ಲಿಂಗ ಬೆಲೆಗಳಾಗಿ ಉಳಿದವರ ವಿಷಯದಲ್ಲಿ, ಅವರೇ ಆಡಿದ ಮಾತನ್ನು ಮೊದಲನೆಯ ಪ್ರಮಾಣವೆಂದು ಹಿಡಿದು, ಉಳಿದ ಕಾಗದಗಳನ್ನು ಅದರೊಡನೆ ಹೋಲಿಸಿ ನೋಡುವುದೇ ಸರಿಯಾದ ಸಂಶೋಧನಕ್ರಮ.